ತಾಳಗುಪ್ಪದ ಒಂದು ಜಾವಾ ಎಂಜಿನ್

ತಾಳಗುಪ್ಪ ರೈಲುಹಳಿ ಮುಗಿಯುವ ಊರು. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗ, ಆನಂದಪುರ, ಸಾಗರಗಳನ್ನು ಹಾದು ಬರುವ ಹಳಿ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಜೋಗದ ಜಲಪಾತ ನೋಡಲು ಬಂದವರು ಇಲ್ಲಿ ಇಳಿದು ಬಸ್ಸು ಹಿಡಿಯಬೇಕು. ನನ್ನ ಬಾಲ್ಯದಲ್ಲಿ ಅದು ಮೀಟರ್ ಗೇಜ್ ಹಳಿ, 2011ರಲ್ಲಿ ಅಗಲವಾಯಿತು. 1965ರ ಬೇಸಗೆಯಲ್ಲಿ, ಆ ಕಿರಿದಾದ ಹಳಿಯ ಮೇಲೆ ಬಂದ ರೈಲಿನ ಪಾರ್ಸೆಲ್ ಡಬ್ಬಿಯಿಂದ ನಾಲ್ಕು ಜನ ಸೇರಿ ಒಂದು ಮೋಟಾರ್ ಸೈಕಲನ್ನು ಇಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅದು ನಮ್ಮ ಅಪ್ಪಯ್ಯ ಶಿವಮೊಗ್ಗದಲ್ಲಿ ಕೊಂಡ ಜಾವಾ. ಹೊಸ ವಾಹನವನ್ನು ಓಡಿಸಿಕೊಂಡೇ ಬರಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರಬಹುದಿತ್ತು. ಆದರೆ ಕೊಂಡವರಿಗೆ ಸವಾರಿ ಬರುತ್ತಿರಲಿಲ್ಲ.

ಆ ಮೋಟಾರ್ ಸೈಕಲಿನ ಎಂಜಿನ್ನನ್ನು ನಾನು ಈಚೆಗೆ ಮನೆಯ ಜಗಲಿಯ ಮೇಲೆಯೇ ಬಿಚ್ಚಿ, ತೊಳೆದು, ಬಣ್ಣ ಬಳಿದು ಮತ್ತೆ ಜೋಡಿಸಿದೆ. ನಿವೃತ್ತ ಉಪಾಧ್ಯಾಯನೊಬ್ಬನ ಈ ಹವ್ಯಾಸದಲ್ಲಿ ಕೇಳುವಂಥದ್ದೇನಿದೆ ಎಂಬ ಸಂಕೋಚ ನನಗೂ ಇದೆ. ಆದರೂ ಚರಿತ್ರೆಯನ್ನು ನಾವು ಶಾಸನಗಳಲ್ಲಿ, ಕಡತಗಳಲ್ಲಿ ಹುಡುಕುತ್ತೇವೆ. ಒಂದು ಕಬ್ಬಿಣದ ಗಡ್ಡೆಯಲ್ಲಿಯೂ ಅದು ಅಂಟಿಕೊಂಡಿರುತ್ತದೆ. ಅದನ್ನು ಕಂಡದ್ದಷ್ಟೇ ಅಲ್ಲ, ಅದರಲ್ಲಿ ಒಂದಿಷ್ಟನ್ನು ನನ್ನ ಕೈಯಾರೆ ಅಳಿಸಿಯೂ ಬಿಟ್ಟೆ. ಆ ಸಂಗತಿಯನ್ನು ಹೇಳಬೇಕೆಂದೇ ಈ ಮಾತು.

ಮೊದಲು ದುಡ್ಡಿನ ಮೂಲ. ನಮ್ಮ ಹಿರಿಯರ ತೋಟವಿದ್ದದ್ದು ಕರೂರು ಸೀಮೆಯಲ್ಲಿ, ಶರಾವತಿಯ ಮಗ್ಗುಲಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. 1,819 ಅಡಿಯ ಮಟ್ಟಕ್ಕೆ ನೀರು ನಿಂತರೆ ಜಲಾಶಯದಲ್ಲಿ 151 ಟಿ.ಎಂ.ಸಿ. ನೀರು, ಆ ನೀರಿನಿಂದ ಕೊನೆಗೆ 1,035 ಮೆಗಾವ್ಯಾಟ್ ವಿದ್ಯುತ್ತು. ನಮ್ಮ ತೋಟ, ಮನೆ, ಸೊಪ್ಪಿನ ಬೆಟ್ಟ ಎಲ್ಲವೂ ಆ ಮಟ್ಟದ ಕೆಳಗಾದವು. ಅದಕ್ಕೂ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಗೆಯಲ್ಲಿ ನೀರು ತೀರ ಇಳಿದಾಗ ಅದರ ಗೋಡೆ ಮೇಲೇಳುವುದನ್ನು ನೋಡಲು ಈಗ ಜನ ಹೋಗುತ್ತಾರೆ. ಮುಳುಗಡೆಯ ಬದುಕನ್ನು ನಮ್ಮ ಸಾಗರದ ನಾ. ಡಿಸೋಜ ಅವರು ಕಾದಂಬರಿಗಳಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು. 2025ರ ಜನವರಿಯಲ್ಲಿ ಡಿಸೋಜ ಅವರು ತೀರಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ಆಚೆ ದಡದವರು ಲಾಂಚಿಗೆ ಕಾಯುತ್ತಲೇ ಇದ್ದರು.

ಪರಿಹಾರದ ಹಣದ ಬಹುಪಾಲು ತಾಳಗುಪ್ಪದ ಬಳಿ ಹೊಸ ಜಾಗ ಹಿಡಿಯಲು, ಸಸಿ ಹಾಕಲು ಹೋಯಿತು. ಉಳಿದದ್ದರಲ್ಲಿ ಅಪ್ಪಯ್ಯ ಜಾವಾ ತಂದರು. ಅಜ್ಜಿ ಅದನ್ನು ಸಾಯುವತನಕ ಕ್ಷಮಿಸಲಿಲ್ಲ. ‘ತೋಟ ಮುಳುಗಿಸಿ ಬಂಡಿ ತಂದ’ ಎಂಬ ಒಂದು ವಾಕ್ಯವನ್ನು ಆಕೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು. ಕನ್ನಡದಲ್ಲಿ ಜಾವವೆಂದರೆ ಮೂರು ಗಂಟೆಯ ಹೊತ್ತು ತಾನೆ? ‘ಜಾವಕ್ಕೊಮ್ಮೆ ಎಣ್ಣೆ ಕುಡಿಯುವ ಪ್ರಾಣಿ, ಅದಕ್ಕೇ ಆ ಹೆಸರು’ ಎಂಬುದು ಆಕೆಯ ನಿರುಕ್ತ.

ನಿಜವಾದ ನಿರುಕ್ತ ಬೇರೆ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಶಸ್ತ್ರಾಸ್ತ್ರಗಳ ತಯಾರಕ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲೊಂದರ ವಿನ್ಯಾಸದ ಹಕ್ಕನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ಅವರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಹೊಸ ಹೆಸರು ಕಟ್ಟಿದ. ಚೆಕ್ಕರ ಬಾಯಲ್ಲಿ ಅದು ‘ಯಾವಾ’. ಇಂಗ್ಲಿಷಿನ ಮೂಲಕ ಓದಿದ ನಮಗೆ ಜಾವಾ. ಮೊದಲ ಬಂಡಿ 500 ಸಿ.ಸಿ.ಯದು, ಭಾರದ್ದು, ದುಬಾರಿ; ಲೋಕಕ್ಕೆ ಆರ್ಥಿಕ ಮುಗ್ಗಟ್ಟು ಬಡಿದ ಕಾಲ ಬೇರೆ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಹಾಕಿದ ಹಗುರವಾದ 175 ಸಿ.ಸಿ. ಬಂಡಿ ಬಂದ ಮೇಲೆಯೇ ಕಂಪೆನಿ ಚೇತರಿಸಿಕೊಂಡದ್ದು. 1941ರಲ್ಲಿ ಯಾನೆಚೆಕ್ ತೀರಿಕೊಂಡ. ದೇಶ ನಾಜಿಗಳ ಕೈಯಲ್ಲಿದ್ದಾಗ ಅಲ್ಲಿಯ ಎಂಜಿನಿಯರುಗಳು ಗುಟ್ಟಾಗಿ 250 ಸಿ.ಸಿ.ಯ ಹೊಸ ಬಂಡಿಯೊಂದನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದನ್ನು ಪ್ಯಾರಿಸಿನಲ್ಲಿ ಪ್ರದರ್ಶಿಸಿದರು. ಮುಂದೆ ಕಾರ್ಖಾನೆ ರಾಷ್ಟ್ರೀಕರಣಗೊಂಡಿತು. 1950ರ ದಶಕದ ನಡುವೆ ಆ ಬಂಡಿಯ ಸಂತತಿಯಾಗಿ ಹುಟ್ಟಿದ 353 ಎಂಬ ಮಾದರಿಯೇ ನಮ್ಮ ಮೈಸೂರಿಗೆ ಬಂದದ್ದು.

ಅದನ್ನು ತಂದವರು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ. ಬಂಡಿಗಳನ್ನು ಹೊರಗಿನಿಂದ ತರಿಸಿ ಮಾರುತ್ತಿದ್ದವರು, ಆಮದಿನ ಮೇಲೆ ಸರ್ಕಾರದ ನಿರ್ಬಂಧ ಬಂದಾಗ, ಇಲ್ಲಿಯೇ ತಯಾರಿಸುವ ದಾರಿ ಹಿಡಿದರು. 1960ರಲ್ಲಿ ‘ಐಡಿಯಲ್ ಜಾವಾ’ ಕಂಪೆನಿ ಹುಟ್ಟಿತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಮದರಾಸಿನಲ್ಲಿ ಇಂಗ್ಲಿಷರ ಬುಲೆಟ್, ಉತ್ತರದಲ್ಲಿ ಪೋಲೆಂಡಿನ ವಿನ್ಯಾಸದ ರಾಜದೂತ್, ಮೈಸೂರಿನಲ್ಲಿ ಚೆಕ್ಕರ ಜಾವಾ – ನೆಹರೂ ಯುಗದ ಕೈಗಾರಿಕೆಯ ಭೂಪಟವನ್ನು ಈ ಮೂರು ಬಂಡಿಗಳಿಂದಲೇ ಬರೆಯಬಹುದು. ಮೊದಲು ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಜೋಡಣೆ. ವರ್ಷದಿಂದ ವರ್ಷಕ್ಕೆ ಒಂದೊಂದೇ ಭಾಗ ಇಲ್ಲಿಯದಾಯಿತು. ಅಂದಿನ ಮೈಸೂರು ಸಂಸ್ಥಾನದ ಜಾಲಕ್ಕೆ ಜೋಗದಿಂದ 1948ರಲ್ಲೇ ವಿದ್ಯುತ್ತು ಹರಿಯತೊಡಗಿತ್ತು. ಯಾದವಗಿರಿಯ ಲೇತುಗಳನ್ನು ತಿರುಗಿಸಿದ್ದರಲ್ಲಿ ನಮ್ಮ ಹೊಳೆಯ ಪಾಲೂ ಇದ್ದಿರಬೇಕು. ಅಜ್ಜಿಗೆ ಇದನ್ನು ಹೇಳುವ ಬುದ್ಧಿ ಆಗ ನನಗಿರಲಿಲ್ಲ. ಹೇಳಿದ್ದರೂ ಆಕೆಯ ಸಿಟ್ಟು ಇಳಿಯುತ್ತಿತ್ತೆಂದು ಅನ್ನಿಸುವುದಿಲ್ಲ.

ಪರವಾನಗಿಯ ಕಾಲ ಮುಗಿದು 1973ರಲ್ಲಿ ಬಂಡಿಯ ಹೆಸರು ‘ಯೆಜ್ಡಿ’ ಆಯಿತು. ಇರಾನಿನ ಯಜ್ದ್ ಪಟ್ಟಣದ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ಚೆಕ್ ಭಾಷೆಯಲ್ಲಿ ಅದೇ ಉಚ್ಚಾರದ ಪದಕ್ಕೆ ‘ಓಡುತ್ತದೆ’ ಎಂಬ ಅರ್ಥವೂ ಇದೆ. 1976ರ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ರಾಜಕುಮಾರ್ ಮೋಟಾರ್ ಸೈಕಲ್ ಸವಾರನಾದ ಮೇಲಂತೂ ನಮ್ಮ ಕಡೆಯ ಹುಡುಗರ ನಡಿಗೆಯೇ ಬದಲಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಆಮೇಲೆ ಕಡಿಮೆ ಪೆಟ್ರೋಲು ಕುಡಿಯುವ ಜಪಾನಿ ವಿನ್ಯಾಸದ 100 ಸಿ.ಸಿ. ಬಂಡಿಗಳು, ಕಾರ್ಮಿಕರ ಬೇಗುದಿ, ಸಾಲ, ಹೊಗೆಯ ಮೇಲಿನ ಹೊಸ ಕಾನೂನು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿ ಬೇರೊಂದು ಕಂಪೆನಿಯ ಮೂಲಕ ಮರಳಿ ಬಂದಿದೆ. ಅದು ಮೈಸೂರಿನಲ್ಲಿ ಆಗುವುದಿಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ ಆಗುತ್ತದೆ.

ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಬಂಡಿಗೆ ಸಾಮಾನು ಸಿಗುವುದು ಕಷ್ಟವಾಯಿತು. ಅಪ್ಪಯ್ಯನಿಗೂ ವಯಸ್ಸಾಗಿತ್ತು. ಒಂದು ಮಳೆಗಾಲ ಗೋಣಿಚೀಲ ಹೊದಿಸಿ ಕೊಟ್ಟಿಗೆಯ ಮೂಲೆಗೆ ನಿಲ್ಲಿಸಿದ್ದು ಮತ್ತೆ ಹೊರಬರಲಿಲ್ಲ. ಅಪ್ಪಯ್ಯ ತೀರಿಕೊಂಡು ಎಷ್ಟೋ ಕಾಲದ ಬಳಿಕ ಬೆಂಗಳೂರಿನಿಂದ ಸಂಗ್ರಾಹಕರೊಬ್ಬರು ಹುಡುಕಿಕೊಂಡು ಬಂದರು. ಸಜ್ಜನರು. ಒಳ್ಳೆಯ ಬೆಲೆಯನ್ನೇ ಹೇಳಿ, ‘ಶೋರೂಮಿನಿಂದ ಇಳಿದ ದಿನದಂತೆ ಮಾಡಿ ಇಡುತ್ತೇನೆ’ ಎಂದರು. ಮಗನಿಗೆ ಕೊಟ್ಟುಬಿಡುವ ಮನಸ್ಸು. ನಾನು ಒಂದು ವರ್ಷದ ವಾಯಿದೆ ಕೇಳಿದೆ. ಅದೇಕೆ ಕೇಳಿದೆನೋ ಆಗ ನನಗೇ ಸ್ಪಷ್ಟವಿರಲಿಲ್ಲ.

ಜಾವಾದ ಎಂಜಿನ್ ನೋಡಲು ಸರಳ. ಒಂದೇ ಸಿಲಿಂಡರು, ಅದಕ್ಕೆ ಎರಡು ಹೊಗೆಬಾಯಿ, ಎರಡು ಸೈಲೆನ್ಸರು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75. ಕಿಕ್ ಹೊಡೆಯುವುದೂ ಗೇರು ಬದಲಿಸುವುದೂ ಒಂದೇ ಸಲಾಕೆಯಿಂದ. ಬೀಗದ ಕೈಯೆಂಬುದು ಬರಿಯ ಒಂದು ಕಡ್ಡಿ. ಕಳೆದುಹೋದರೆ ಮೊಳೆಯೊಂದು ಸಾಕಾಗುತ್ತಿತ್ತು. ಕವಾಟಗಳಿಲ್ಲ, ಪಿಸ್ಟನ್ನೇ ಏರಿಳಿಯುತ್ತ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಆ ಎಣ್ಣೆ ಉರಿದು ಕಿಂಡಿಗಳಲ್ಲಿ ಕಾಡಿಗೆಯಂತೆ ಕಟ್ಟುವುದರಿಂದ ವರುಷಕ್ಕೋ ಎರಡು ವರುಷಕ್ಕೋ ಒಮ್ಮೆ ಬಿಚ್ಚಿ ಹೆರೆಯಬೇಕು. ಅಪ್ಪಯ್ಯ ಆ ಕೆಲಸವನ್ನು ಮಳೆ ಹಿಡಿಯುವ ಮೊದಲು ತಾವೇ ಮಾಡುತ್ತಿದ್ದರು.

ನನ್ನ ಎಂಜಿನ್ನಿನ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲನ್ನು ಸಮಸಮ ಸುರಿದು ಮೂರು ವಾರ ಬಿಟ್ಟೆ. ಆಮೇಲೆ ಹಲಸಿನ ಮರದ ತುಂಡನ್ನು ಇಟ್ಟು ಮೆತ್ತಗೆ ತಟ್ಟಿದಾಗ, ಒಂದು ಕೂದಲಿನಷ್ಟು ಅಲುಗಿತು. ಇಂಥ ಕೆಲಸದಲ್ಲಿ ಸುತ್ತಿಗೆ ಎತ್ತಿದವನು ಕೆಟ್ಟ. ಸಿಲಿಂಡರಿನ ತಂಪುರೆಕ್ಕೆಗಳು ಬೀಡುಕಬ್ಬಿಣದವು, ಹೊಡೆತಕ್ಕೆ ಬಿಸ್ಕತ್ತಿನಂತೆ ಮುರಿಯುತ್ತವೆ.

ಸಿಲಿಂಡರಿನ ಮೇಲೆ ಬಣ್ಣದ ಮೂರು ಪದರಗಳಿದ್ದವು. ಮೇಲೆ ಬೆಳ್ಳಿಯ ಬಣ್ಣ, ಹಳೆಯ ಕಿಟಕಿಗೆ ಹೊಡೆಯುತ್ತಿದ್ದಂಥದು. ಅದರ ಕೆಳಗೆ ಹಸಿರು. ಅದು ನಮ್ಮ ಪಂಪ್‌ಸೆಟ್ಟಿಗೆ ತಂದು ಮಿಕ್ಕದ್ದೆಂದು ಅಮ್ಮ ಗುರುತಿಸಿದಳು. ಅತಿ ಕೆಳಗೆ ಕಪ್ಪು. ರೆಕ್ಕೆಗಳ ಸಂದಿಯಲ್ಲಿ ಮಾತ್ರ ಬಣ್ಣವಲ್ಲದ ಒಂದು ನೀಲಿ–ಹಸುರು ಹಕ್ಕಳೆ. ಅದು ಮೈಲುತುತ್ತ. ಕೊಳೆರೋಗಕ್ಕೆ ಅಡಿಕೆಯ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕಾಗಿ ಮೈಲುತುತ್ತದ ಮೂಟೆಯನ್ನು ಅಪ್ಪಯ್ಯ ಸಾಗರದ ಪೇಟೆಯಿಂದ ಈ ಬಂಡಿಯ ಮೇಲೆಯೇ ತರುತ್ತಿದ್ದರು. ಮಳೆಯಲ್ಲಿ ಮೂಟೆ ನೆನೆದು ಸೋರಿದ ನೀರು ಎಂಜಿನ್ನಿನ ಮೇಲೆ ಇಳಿದಿದೆ. ತಾಮ್ರದ ಉಪ್ಪು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಎಡಗಡೆಯ ಕೇಸಿಂಗಿನ ಮೇಲೆ ಸಿಡುಬಿನ ಕಲೆಗಳಂತೆ ಹಳ್ಳ ಬಿದ್ದದ್ದಕ್ಕೆ ಕಾರಣ ಹೀಗೆ ಸಿಕ್ಕಿತು.

ಇಲ್ಲಿಯವರೆಗೆ ನಾನು ಜಾಣನೇ ಆಗಿದ್ದೆ. ಕ್ಲಚ್ಚಿನ ಕವರಿನ ಒಳಮೈಯಲ್ಲಿ ದಶಕಗಳ ಎಣ್ಣೆಯ ಜಿಡ್ಡು ಅರಗಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಗೆ ಬಗ್ಗಲಿಲ್ಲ, ಅಂಟುವಾಳದ ನೀರಿಗೆ ಬಗ್ಗಲಿಲ್ಲ. ಕಾಸ್ಟಿಕ್ ಸೋಡದ ನೀರಿನಲ್ಲಿ ಅದ್ದಿ ಎಂದು ಯಾರೋ ಹೇಳಿದರು. ಕಬ್ಬಿಣಕ್ಕೆ ಅದು ಸರಿಯಾದ ಮಾತೇ. ನಾನು ವಿಜ್ಞಾನವನ್ನು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು. ಕಾಸ್ಟಿಕ್ ಸೋಡದಲ್ಲಿ ಅಲ್ಯುಮಿನಿಯಂ ಕರಗಿ ಜಲಜನಕ ಏಳುತ್ತದೆಂದು ಕರಿಹಲಗೆಯ ಮೇಲೆ ಸಮೀಕರಣ ಬರೆದವನು. ಆದರೂ ಬಕೆಟ್ಟಿನಲ್ಲಿ ಕವರನ್ನು ಅದ್ದಿ, ಕಾಫಿ ಕುಡಿಯಲು ಒಳಗೆ ಹೋದೆ. ಬರುವಷ್ಟರಲ್ಲಿ ನೀರು ಭುಸುಗುಡುತ್ತಿತ್ತು. ಎಳೆದು ತೆಗೆದು ಬಾವಿಯ ನೀರಿನಲ್ಲಿ ತೊಳೆದೆ. ಕವರು ಕಪ್ಪಗಾಗಿತ್ತು. ಆ ಕಪ್ಪನ್ನು ಬಟ್ಟೆಯಿಂದ ಒರೆಸುತ್ತಿರುವಾಗ, ಒಳಮೈಯಲ್ಲಿ ಗೀರುಗಳು ಕಂಡವು. ಮೊದಲು ತರಚೆಂದುಕೊಂಡೆ. ಬೆಳಕಿಗೆ ಹಿಡಿದರೆ ಅಂಕಿಗಳು.

ಅಪ್ಪಯ್ಯ ಪ್ರತಿಸಲ ಎಂಜಿನ್ ಬಿಚ್ಚಿದಾಗಲೂ ಒಳಗಡೆ ಮೊಳೆಯಿಂದ ದಿನಾಂಕ ಗೀಚಿಟ್ಟಿದ್ದರು. ದಿನಾಂಕದ ಮುಂದೆ ಒಂದೊಂದು ಮಾತೂ ಇತ್ತು. ನನ್ನ ಬಕೆಟ್ಟು ಅದರಲ್ಲಿ ಹೆಚ್ಚಿನದನ್ನು ತಿಂದುಬಿಟ್ಟಿತ್ತು. 1967ರ ಮೇ ತಿಂಗಳ ಒಂದು ತಾರೀಖು ಪೂರ್ತಿ ಓದಬಹುದು. 71 ಎಂಬ ಇಸವಿ ಇದೆ, ತಿಂಗಳಿಲ್ಲ. ಮತ್ತೊಂದು ಕಡೆ ‘ರಿಂಗು’ ಎಂಬ ಪದ ಮಾತ್ರ. ಕೆಳಗೆ ಐದೋ ಆರೋ ಸಾಲುಗಳಿದ್ದ ಜಾಗದಲ್ಲಿ ಬೆರಳಾಡಿಸಿದರೆ ತಗ್ಗು ತಿಳಿಯುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಹಂಪೆಯಲ್ಲಿ ಯಾರೋ ಶಾಸನದ ಮೇಲೆ ಸುಣ್ಣ ಬಳಿದರೆಂದು ಪತ್ರಿಕೆಗೆ ಕಾಗದ ಬರೆದವನು ನಾನು. ಅಂದು ರಾತ್ರಿ ಊಟ ಸೇರಲಿಲ್ಲ.

ಉಳಿದ ಆ ಎರಡು ತಾರೀಖುಗಳ ಬೆನ್ನು ಹತ್ತಿ ಅಪ್ಪಯ್ಯನ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ತಪ್ಪು ಮಾಡದಿದ್ದರೆ ಬಹುಶಃ ಅವುಗಳನ್ನು ಮುಟ್ಟುತ್ತಿರಲಿಲ್ಲ. ಪೆಟ್ರೋಲು ಇಷ್ಟು, ಆಯಿಲು ಇಷ್ಟು, ಹೋದದ್ದು ಎಲ್ಲಿಗೆ – ಎಲ್ಲವೂ ಇತ್ತು. 1968ನೆಯ ಒಂದೇ ವರ್ಷದಲ್ಲಿ ಸಾಗರ ಮತ್ತು ಶಿವಮೊಗ್ಗದ ಕಚೇರಿಗಳಿಗೆ ಮೂವತ್ತೊಂದು ಸಲ. ಎಷ್ಟೋ ಸಲ ಹಿಂದಿನ ಸೀಟಿನಲ್ಲಿ ಒಬ್ಬರ ಹೆಸರು: ಮುಳುಗಡೆಯಿಂದ ಎದ್ದು ಬಂದ ನೆರೆಯವರು, ಅಕ್ಷರ ಬಾರದವರು, ಕಾಡಿನ ನಡುವೆ ಕೊಟ್ಟ ಜಮೀನಿಗೆ ಕಾಗದಪತ್ರ ಹುಡುಕಿಕೊಂಡು ಹೊರಟವರು. ಶರಾವತಿಯ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಅರುವತ್ತು ವರ್ಷಗಳಾದರೂ ಪೂರ್ತಿ ಬಗೆಹರಿದಿಲ್ಲವೆಂಬುದು ತಮಗೆ ಗೊತ್ತಿರುವುದೇ. ಆ ಪ್ರಶ್ನೆಯ ಮೊದಲ ಕೆಲವು ವರ್ಷಗಳ ಓಡಾಟ ಈ ಬಂಡಿಯ ಮೇಲೆ ನಡೆದಿತ್ತು. ಅಜ್ಜಿಯ ವಾಕ್ಯ ಅರ್ಧಸತ್ಯವೆಂದು ನನಗೆ ಸಮಾಧಾನವಾಯಿತು. ಆದರೆ ಇತಿಹಾಸ ಬರೆಯುವವನು ತನಗೆ ಹಿತವಾದ ಪುಟದಲ್ಲಿ ನಿಲ್ಲಬಾರದು. ಅದೇ ಪುಸ್ತಕದಲ್ಲಿ ಯಕ್ಷಗಾನದ ಆಟಗಳಿಗೆ ಇಪ್ಪತ್ತೇಳು ಸಲ ಹೋದದ್ದೂ, ಒಮ್ಮೆ ಮೈಸೂರಿನ ದಸರಾಕ್ಕೆ ಹೋಗಿ ದಾರಿಯಲ್ಲಿ ಚೈನು ಕಡಿದು ಎರಡು ದಿನ ಅರಸೀಕೆರೆಯಲ್ಲಿ ಉಳಿದದ್ದೂ ಇದೆ.

ಸಂಗ್ರಾಹಕರಿಗೆ ಬಂಡಿ ಕೊಡುವುದಿಲ್ಲವೆಂದು ಕಾಗದ ಬರೆದೆ.

ಉಳಿದ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಕ್ರ್ಯಾಂಕನ್ನೂ ಸಿಲಿಂಡರನ್ನೂ ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ಬೆಳಗಿನ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಬಂಡಿ ಬಂದ ದಾರಿಯಲ್ಲಿಯೇ ಅದರ ಕರುಳು ಮರಳಿ ಹೋದಂತಾಯಿತು. ಅಲ್ಲಿ ಸಿಲಿಂಡರನ್ನು ಕೊರೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಿದೆ; ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಿ ಕೂಡಿಸಬೇಕಾದ ಕ್ರ್ಯಾಂಕಿನ ಕೆಲಸ ಮನೆಯಲ್ಲಿ ಆಗುವಂಥದಲ್ಲ. ಬೇರಿಂಗು ಕೂರಿಸಿದ್ದು ಮಾತ್ರ ನಮ್ಮ ಬಚ್ಚಲಿನ ಹಂಡೆಯ ಸಹಾಯದಿಂದ. ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕೇಸಿಂಗಿನ ಎರಡೂ ಹೋಳುಗಳನ್ನು ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ತೆಗೆದು, ಒರೆಸಿ, ತಣ್ಣಗಿನ ಬೇರಿಂಗನ್ನು ಬಾಯಿಗೆ ಇಟ್ಟರೆ ಹೊಡೆತವಿಲ್ಲದೆ ತಾನಾಗಿ ಇಳಿದು ಕೂತಿತು. ಆಯಿಲ್ ಸೀಲುಗಳನ್ನು ಹೊಸದಾಗಿ ಹಾಕಿದೆ. ಈ ಜಾತಿಯ ಎಂಜಿನ್ನಿನಲ್ಲಿ ಕೇಸಿಂಗಿನ ಒಳಗೇ ಉಸಿರು ಕಟ್ಟಿ ಮೇಲಕ್ಕೆ ತಳ್ಳಬೇಕಾದ್ದರಿಂದ ಸೀಲು ಸೋರಿದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಬಣ್ಣದ ವಿಷಯ ಸ್ವಲ್ಪ ಹೇಳಲೇಬೇಕು. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಬಣ್ಣ ಹೊಡೆಯುವಂತಿಲ್ಲ. ಗಾಳಿಯ ತೇವಕ್ಕೆ ಮೇಲ್ಮೈ ಮಂಜು ಹಿಡಿದಂತೆ ಮಸುಕಾಗುತ್ತದೆ. ದೀಪಾವಳಿಯವರೆಗೆ ಕಾದೆ. ಹೊತ್ತಿಗೆ ಸರಿಯಾಗಿ ಅಡಿಕೆ ಬೇಯಿಸುವ ಒಲೆಯೂ ಹೊತ್ತಿತು. ಸಿಲಿಂಡರಿನ ಹಳೆಯ ಪದರಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಒಳಗೆ ಗ್ರೀಸು ಸವರಿದ ಬಟ್ಟೆ ತುರುಕಿ, ಪ್ಯಾಕಿಂಗು ಕೂರುವ ಅಂಚುಗಳಿಗೆ ಟೇಪು ಅಂಟಿಸಿ, ಥಿನ್ನರಿನಿಂದ ಒರೆಸಿದೆ. ಉರಿ ತಾಳುವ ಕಪ್ಪು ಬಣ್ಣವನ್ನು ಮೂರು ಸಲ, ಪ್ರತಿಸಲವೂ ತೆಳ್ಳಗೆ. ದಪ್ಪ ಬಳಿದರೆ ನೋಟಕ್ಕೆ ಚೆಂದ, ಆದರೆ ಕಂಬಳಿ ಹೊದಿಸಿದಂತೆ ಶಾಖ ಒಳಗೇ ಉಳಿಯುತ್ತದೆ. ಈ ಬಣ್ಣ ಬಿಸಿಲಿಗೆ ಒಣಗಿದರೆ ಸಾಲದು, ಕಾಯಬೇಕು. ಬಟ್ಟೆ, ಟೇಪು ತೆಗೆದು, ಅಡಿಕೆಯ ಹಂಡೆ ಇಳಿಸಿದ ಒಲೆಯ ಕೆಂಡದ ಮೇಲೆ ಒಂದು ಮೊಳ ಎತ್ತರದಲ್ಲಿ ಸಿಲಿಂಡರನ್ನು ತಂತಿಯಿಂದ ತೂಗುಹಾಕಿದೆ. ಒಂದು ಗಂಟೆ ಕಾಯಿಸುವುದು, ತಣಿಯಲು ಬಿಡುವುದು, ಮತ್ತೆ ಕೊಂಚ ಕೆಳಗಿಳಿಸಿ ಕಾಯಿಸುವುದು. ಅಡಿಕೆ ಸುಲಿಯಲು ಬಂದ ಹೆಂಗಸರು ಇದೇನು ಹೊಸ ಅಡಿಗೆ ಎಂದು ನಕ್ಕರು.

ಅಲ್ಯುಮಿನಿಯಂ ಭಾಗಗಳಿಗೆ ಬಣ್ಣ ಹೊಡೆಯಲಿಲ್ಲ. ಕನ್ನಡಿಯಂತೆ ಉಜ್ಜಿ ಹೊಳೆಸುವ ಪದ್ಧತಿಯಿದೆ, ಅದನ್ನೂ ಮಾಡಲಿಲ್ಲ. ಮೈಲುತುತ್ತದ ಹಳ್ಳಗಳು ಹಾಗೆಯೇ ಇವೆ. ಕೆಳಗಿನ ಒಂದು ರೆಕ್ಕೆಯ ಹಿಂಬದಿಯಲ್ಲಿ ಹಸಿರು ಬಣ್ಣದ ಚೂರೊಂದನ್ನು ಬೇಕೆಂದೇ ಬಿಟ್ಟಿದ್ದೇನೆ. ಕವರಿನ ಒಳಗೆ ನಾನೂ ತಾರೀಖು ಗೀಚಬೇಕೆಂದು ಮೊಳೆ ಹಿಡಿದೆ; ಕೈ ಬರಲಿಲ್ಲ, ಹಾಗೆಯೇ ಮುಚ್ಚಿದೆ.

ಕಾರ್ತಿಕದ ಕೊನೆಯ ವಾರ ಎಂಜಿನ್ನನ್ನು ಚೌಕಟ್ಟಿಗೆ ಏರಿಸಿದೆವು. ಹೊಸ ಪಿಸ್ಟನ್ ಹೊಂದಿಕೊಳ್ಳಲೆಂದು ಎಣ್ಣೆಯನ್ನು ಇಪ್ಪತ್ತಕ್ಕೆ ಒಂದರಂತೆ ತುಸು ಹೆಚ್ಚಾಗಿಯೇ ಬೆರೆಸಿದ್ದೆ. ಹನ್ನೊಂದನೆಯ ಕಿಕ್ಕಿಗೆ ಹೊತ್ತಿತು. ಅಂಗಳದ ತುಂಬ ನೀಲಿ ಹೊಗೆ. ಒಳಗೆ ಮಲಗಿದ್ದ ಅಮ್ಮ – ಆಕೆಗೀಗ ಎಂಬತ್ತೆಂಟು – ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. ಕಣ್ಣು ಅಷ್ಟಾಗಿ ಕಾಣದು. ಮೂಗೇರಿಸಿ ಗಾಳಿ ಎಳೆದುಕೊಂಡು, ‘ಮಾಣಿ, ಎಣ್ಣೆ ಜಾಸ್ತಿ ಆತು’ ಎಂದಳು. ಅಪ್ಪಯ್ಯ ಲೀಟರಿಗೆ ಒಂದು ಲೋಟ ಅಳೆದು ಹಾಕುತ್ತಿದ್ದರಂತೆ. ಆ ಲೋಟ ಆಕೆಯ ಅಡಿಗೆಮನೆಯದೇ; ಎಣ್ಣೆ ಮುಟ್ಟಿದ್ದನ್ನು ಮತ್ತೆ ಒಳಗೆ ಸೇರಿಸದೆ ಬಚ್ಚಲಿನ ಮಾಡದಲ್ಲಿ ಇಟ್ಟಿದ್ದಳಂತೆ. ಹೋಗಿ ನೋಡಿದೆ. ಸೀಗೆಪುಡಿಯ ಡಬ್ಬಿಯ ಹಿಂದೆ ಹಿತ್ತಾಳೆಯ ಪುಟ್ಟ ಲೋಟವೊಂದು ಕವುಚಿ ಕೂತಿತ್ತು. ತೊಳೆದು, ಅಳತೆಯ ಸೀಸೆಯಿಂದ ನೀರು ಹೊಯ್ದು ನೋಡಿದರೆ ಸರಿಯಾಗಿ ನಲವತ್ತು ಮಿಲಿಲೀಟರು.